ಸ್ವೀನಿ ಟಾಡ್ ಕನ್ಸರ್ಟ್: 2014ರದ್ದೋ, 2001ರದ್ದೋ?

ಸ್ಟೀಫನ್ ಸಾಂಡ್‌ಹೈಮ್ ಅವರ ‘ಸ್ವೀನಿ ಟಾಡ್’ ಲಂಡನ್ ಕ್ಷೌರಿಕನೊಬ್ಬನ ಸೇಡಿನ ಕಥೆ ಹೇಳುವ ಸಂಗೀತ ನಾಟಕ. ಇದನ್ನು ವಾದ್ಯವೃಂದದ ಜೊತೆ ವೇದಿಕೆಯಲ್ಲಿ ಹಾಡಿ ತೋರಿಸಿದ 2001, 2014ರ ಎರಡೂ ಕನ್ಸರ್ಟ್‌ಗಳ ನಿರ್ದೇಶಕ ಲಾನಿ ಪ್ರೈಸ್ ಅವರೇ. ಮೊದಲ ಸಲ ನೋಡುವವರಿಗೆ ನನ್ನ ಆಯ್ಕೆ 2014ರ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ್ದು.

ಅದರ ಶುರುವೇ ಮಜಾ. ಕಲಾವಿದರು ಸೂಟು, ಗೌನು ತೊಟ್ಟು, ಹಾಡಿನ ಪುಸ್ತಕ ಹಿಡಿದು ಶಿಸ್ತಾಗಿ ಬಂದು ನಿಲ್ಲುತ್ತಾರೆ. ಸುಮ್ನೆ ನಿಂತು ಹಾಡ್ತಾರೆ ಅಂದುಕೊಳ್ಳುವಷ್ಟರಲ್ಲಿ ಪುಸ್ತಕ ಬಿಸಾಡಿ, ಸ್ಟ್ಯಾಂಡ್‌ಗಳನ್ನೇ ಉರುಳಿಸುತ್ತಾರೆ! ಪ್ರೇಕ್ಷಕರಿಗೆ ಖುಷಿಯೋ ಖುಷಿ. ಎಮ್ಮಾ ಥಾಂಪ್ಸನ್ ಅವರ ಮಿಸೆಸ್ ಲವೆಟ್‌ಗೆ (ಕ್ಷೌರಿಕನ ಜೊತೆಗಾತಿ) ಜನ ಬಿದ್ದು ಬಿದ್ದು ನಗುತ್ತಾರೆ. ಸ್ವೀನಿಯಾಗಿರುವ ಬ್ರಿನ್ ಟರ್ಫೆಲ್ ಅವರದು ಪಳಗಿದ ಒಪೆರಾ ಕಂಠ.

2001ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಸ್ವೀನಿಯಾಗಿ ಜಾರ್ಜ್ ಹರ್ನ್, ಲವೆಟ್ ಆಗಿ ಪ್ಯಾಟಿ ಲುಪೋನ್ ಇದ್ದಾರೆ. ಇಲ್ಲಿ ಚಮತ್ಕಾರ ಕಮ್ಮಿ, ಭಯ ಜಾಸ್ತಿ. ಹಾಡುಗಳು ಆಗಲೇ ಗೊತ್ತಿದ್ದರೆ ಇದನ್ನೇ ನೋಡಿ. ಹರ್ನ್ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲೇ ಈ ಪಾತ್ರ ಮಾಡಿದ್ದವರು. ಅವರ ಸಿಟ್ಟು ನೇರ ಎದೆಗೇ ನಾಟುತ್ತದೆ.