ಬೆಡ್‌ಸೈಡ್ ಕಾಟ್: ಅಂಗಡಿಗೆ ಹೋಗುವ ಮುಂಚೆ ಮಂಚ ಅಳೆಯಿರಿ

ಜಯನಗರ 4ನೇ ಬ್ಲಾಕ್ ಆಗಲಿ, ಕಮರ್ಷಿಯಲ್ ಸ್ಟ್ರೀಟ್ ಆಗಲಿ, ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಬೆಡ್‌ಸೈಡ್ ಕಾಟ್, ಅಂದರೆ ಒಂದು ಬದಿ ಇಳಿಸಿ ದೊಡ್ಡವರ ಮಂಚಕ್ಕೆ ತಾಗಿಸಿ ಕಟ್ಟುವ ಕೂಸಿನ ಪುಟ್ಟ ಮಂಚ, ಒಂಟಿಯಾಗಿ ನಿಂತಿರುತ್ತದೆ. ಪಕ್ಕದಲ್ಲಿ ಮಂಚ ಇರುವುದಿಲ್ಲ. ಅಂಗಡಿಯವರು ಒಂದು ಬದಿಯ ಜಿಪ್ ಎಳೆದು ಇಳಿಸಿ ತೋರಿಸುತ್ತಾರೆ, ತೂಗಿ ತೋರಿಸುತ್ತಾರೆ, ಮಡಚಿ ಚೀಲಕ್ಕೆ ಹಾಕಿ ತೋರಿಸುತ್ತಾರೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಈ ಕಾಟ್ ಅರ್ಧ ಸಾಮಾನು ಮಾತ್ರ, ಉಳಿದರ್ಧ ನಿಮ್ಮ ಮನೆಯ ಮಂಚ. ಎರಡೂ ಒಂದಕ್ಕೊಂದು ಸರಿಯಾಗಿ ಕೂತರೆ ಬಾಣಂತಿ ಮಲಗಿದ್ದಲ್ಲಿಂದಲೇ ಕೈ ಚಾಚಿ ಕೂಸನ್ನು ಎತ್ತಿಕೊಂಡು, ಹಾಲು ಕುಡಿಸಿ, ಮತ್ತೆ ಅದರ ಜಾಗದಲ್ಲಿ ಮಲಗಿಸಬಹುದು. ಸರಿಯಾಗಿ ಕೂರದಿದ್ದರೆ ನಡುವೆ ಸಂದು ಬೀಳುತ್ತದೆ. ಹಸುಗೂಸು ಜಾರಿ ಸಿಕ್ಕಿಕೊಂಡು ಉಸಿರುಗಟ್ಟುವ ಅಪಾಯ ಇರುವುದು ಆ ಸಂದಿನಲ್ಲೇ.

ತಾಯಿಯ ಪಕ್ಕದಲ್ಲೇ ಮಗು ಮಲಗುವುದು ನಮ್ಮ ಮನೆಗಳ ರೂಢಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’ 2022ರಲ್ಲಿ ಕೊಟ್ಟ ಸಲಹೆ ಬೇರೆ: ಕನಿಷ್ಠ ಮೊದಲ 6 ತಿಂಗಳು ಮಗು ಹೆತ್ತವರ ಕೋಣೆಯಲ್ಲೇ ಇರಲಿ, ಆದರೆ ಬೇರೆ ಹಾಸಿಗೆಯಲ್ಲಿರಲಿ. ಆ ಹಾಸಿಗೆ ಗಟ್ಟಿಯಾಗಿ, ಸಪಾಟಾಗಿ, ಖಾಲಿಯಾಗಿರಲಿ, ಮಗು ಅಂಗಾತ ಮಲಗಲಿ. ಮಗ್ಗುಲು ಬಿಡದೆ ಈ ಮಾತು ಪಾಲಿಸಲು ಬೆಡ್‌ಸೈಡ್ ಕಾಟ್ ಒಳ್ಳೆಯ ದಾರಿ. ಹಾಗಾಗಿಯೇ ಆರಿಸುವಾಗ ಅವಸರ ಬೇಡ.

ಮೊದಲ ಅಳತೆ ಎತ್ತರ. ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಮೈವರೆಗೆ ಎರಡು ಸಲ ಟೇಪ್ ಹಿಡಿಯಿರಿ: ಹಾಸಿಗೆ ಖಾಲಿ ಇದ್ದಾಗ ಒಮ್ಮೆ, ಅಂಚಿನಲ್ಲಿ ಯಾರಾದರೂ ಮಲಗಿದ್ದಾಗ ಇನ್ನೊಮ್ಮೆ. ಫೋಮ್ ಹಾಸಿಗೆ ಅಂಚಿನಲ್ಲೇ ಹೆಚ್ಚು ಕುಸಿಯುತ್ತದೆ, ತೆಂಗಿನ ನಾರಿನದು ಕಡಿಮೆ. ಕಾಟ್‌ನ ಎತ್ತರ ಹೊಂದಿಸಲು ಖಾಲಿ ಹಾಸಿಗೆಯ ಅಳತೆ ಬೇಕು, ಸಂದು ಪರೀಕ್ಷಿಸಲು ಭಾರ ಬಿದ್ದ ಹಾಸಿಗೆ ಬೇಕು. 14 ಇಂಚಿನ ದಿವಾನ್ ಕಾಟ್ ಮೇಲೆ 6 ಇಂಚಿನ ಹಾಸಿಗೆ ಇದ್ದರೆ ಒಟ್ಟು 20 ಇಂಚು, ಅಂದರೆ ಸುಮಾರು 51 ಸೆಂ.ಮೀ. ಅದೇ 16 ಇಂಚಿನ ಮಂಚದ ಮೇಲೆ 10 ಇಂಚಿನ ಸ್ಪ್ರಿಂಗ್ ಮ್ಯಾಟ್ರೆಸ್ ಹಾಕಿದ್ದರೆ 66 ಸೆಂ.ಮೀ. ಆಗುತ್ತದೆ, ಅಷ್ಟು ಎತ್ತರ ಹಲವು ಕಾಟ್‌ಗಳಿಗೆ ಎಟುಕುವುದಿಲ್ಲ. ಕಾಲುಗಳ ಎತ್ತರ ಹಂತಹಂತವಾಗಿ ಬದಲಾಗುತ್ತದೆಯೇ ಹೊರತು ಎರಡು ಹಂತಗಳ ನಡುವೆ ನಿಲ್ಲುವುದಿಲ್ಲ. ಆದ್ದರಿಂದ ಡಬ್ಬದ ಮೇಲೆ ‘ಎತ್ತರ ಹೊಂದಿಸಬಹುದು’ ಎಂದು ಬರೆದಿದ್ದರೆ ಸಾಲದು. ಬದಿ ಇಳಿಸಿದಾಗ ಅದರ ಮೇಲಂಚು ನೆಲದಿಂದ ಯಾವ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬ ಪಟ್ಟಿಯನ್ನೇ ಕೇಳಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಮಗುವಿನ ಹಾಸಿಗೆಯೂ ತಾಯಿಯ ಹಾಸಿಗೆಯೂ ಒಂದೇ ಮಟ್ಟಕ್ಕೆ ಬರಬೇಕು, ಮಗುವನ್ನು ಸುಮ್ಮನೆ ಈಚೆಗೆ ಜಾರಿಸಿಕೊಳ್ಳುವಂತಿರಬೇಕು ಎಂದು ಹಲವರು ಹುಡುಕುತ್ತಾರೆ. ಹಾಗಿರಬಾರದು. ಶಿಶುಗಳ ಕಾಟ್‌ಗಳ ಸುರಕ್ಷತೆಗೆಂದು ಯುರೋಪಿನಲ್ಲಿರುವ ಇಎನ್ 1130 ಮಾನಕದ 2019ರ ಆವೃತ್ತಿಯಂತೆ, ಇಳಿಸಿದ ಬದಿಯೂ ಮಗುವಿನ ಹಾಸಿಗೆಯಿಂದ ಕನಿಷ್ಠ 12 ಸೆಂ.ಮೀ. ಮೇಲಕ್ಕಿರಬೇಕು. ಆ ಗಿಡ್ಡ ತಡೆ ಎರಡು ಕೆಲಸ ಮಾಡುತ್ತದೆ: ಮಗು ದೊಡ್ಡ ಹಾಸಿಗೆಗೆ ಉರುಳುವುದಿಲ್ಲ, ನಿಮ್ಮ ರಜಾಯಿ, ದಿಂಬು ಮಗುವಿನ ಮೇಲೆ ಬರುವುದಿಲ್ಲ. ಸರಿ ಹೊಂದಬೇಕಾದದ್ದು ಈ ತಡೆಯ ಮೇಲಂಚು ಮತ್ತು ನಿಮ್ಮ ಹಾಸಿಗೆಯ ಮೇಲ್ಮೈ. ‘ಪೂರ್ತಿ ತೆರೆಯುತ್ತದೆ’ ಎಂದು ಹೊಗಳಿ ತೋರಿಸುವ ಮಾದರಿಯನ್ನು ಬಿಟ್ಟುಬಿಡಿ.

ಎರಡನೆಯ ವಿಷಯ ಮಂಚದ ಕೆಳಭಾಗ. ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಸ್ಟೋರೇಜ್ ಇರುವ ಬಾಕ್ಸ್ ಮಂಚವೇ ಹೆಚ್ಚು. ಬಹಳಷ್ಟು ಬೆಡ್‌ಸೈಡ್ ಕಾಟ್‌ಗಳ ಪಾದ ಮಂಚದ ಅಡಿಗೆ ನುಗ್ಗುವಂತೆ ಮಾಡಿರುತ್ತಾರೆ. ಬಾಕ್ಸ್ ಮಂಚಕ್ಕೆ ಅಡಿಯೇ ಇಲ್ಲ. ಪಾದ ಹಲಗೆಗೆ ತಗುಲಿ ಕಾಟ್ ಒಂದು ಗೇಣು ದೂರವೇ ನಿಂತುಬಿಡುತ್ತದೆ. ಪಾದವನ್ನು ಒಳಕ್ಕೆ ಮಡಚಬಹುದಾದ ಮಾದರಿಗಳೂ ಇವೆ, ಬಾಕ್ಸ್ ಮಂಚದವರು ಅದನ್ನೇ ನೋಡಬೇಕು. ಇನ್ನೊಂದು ತೊಡಕು, ಕೆಲವು ಮಂಚಗಳ ಚೌಕಟ್ಟು ಹಾಸಿಗೆಯಿಂದ ಒಂದೆರಡು ಇಂಚು ಆಚೆಗೆ ಚಾಚಿರುತ್ತದೆ. ಆ ಪಟ್ಟಿಯಷ್ಟು ಅಗಲದ ಸಂದು ಹಾಗೇ ಉಳಿಯುತ್ತದೆ. ಅದಕ್ಕೆ ಹಳೇ ಸೀರೆ ಸುತ್ತಿ ತುರುಕುವುದು, ಟವೆಲ್ ಮಡಚಿ ಇಡುವುದು ಪರಿಹಾರವಲ್ಲ. ಬಟ್ಟೆ ಒತ್ತಿಕೊಂಡು ಕೆಳಗಿಳಿದು ಸಂದು ಮತ್ತೆ ಬಾಯಿ ಬಿಡುತ್ತದೆ. ಅಂಥ ಮಂಚವಿದ್ದರೆ ಹಾಸಿಗೆಯನ್ನು ಆ ಅಂಚಿಗೆ ಸರಿಸಿ, ಎದುರು ಬದಿಯಲ್ಲಿ ಬಿದ್ದ ಜಾಗಕ್ಕೆ ಮರದ ರೀಪರ್ ಕೂರಿಸಿ ಹಾಸಿಗೆ ಜರುಗದಂತೆ ಮಾಡಿಸಿ. ಅದಾಗದಿದ್ದರೆ ಬದಿ ಇಳಿಸುವುದೇ ಬೇಡ. ನಾಲ್ಕೂ ಬದಿ ಏರಿಸಿ, ಕೈಯಳತೆಯ ದೂರದಲ್ಲಿ ಕಾಟನ್ನು ಬೇರೆಯಾಗಿಯೇ ನಿಲ್ಲಿಸಿ. ಬಾಣಂತಿ ಒಮ್ಮೆ ಎದ್ದು ಕೂರಬೇಕಾಗುತ್ತದೆ ಅಷ್ಟೆ, ಮಗು ಕ್ಷೇಮವಾಗಿರುತ್ತದೆ.

ಕಟ್ಟುವ ಬೆಲ್ಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕಾಟ್ ಕೈಕೊಡುವುದು ಇಲ್ಲಿಯೇ. ಕಾಲಿರುವ ಮಂಚವಾದರೆ ಬೆಲ್ಟ್ ಪಕ್ಕದ ಪಟ್ಟಿಗೆ ಸುತ್ತಿಕೊಳ್ಳುತ್ತದೆ, ಕೆಲಸ ಸುಲಭ. ಬಾಕ್ಸ್ ಮಂಚಕ್ಕಾದರೆ ಹಾಸಿಗೆಯ ಅಡಿಯಿಂದ ಆಚೆ ಬದಿಯವರೆಗೂ ಹೋಗಿ ಅಲ್ಲಿ ಹಿಡಿದುಕೊಳ್ಳಬೇಕು. ಕಿಂಗ್ ಸೈಜ್ ಮಂಚದ ಅಗಲವೇ 6 ಅಡಿ, 183 ಸೆಂ.ಮೀ. ಬೆಲ್ಟ್ ಅದಕ್ಕಿಂತ ಗಿಡ್ಡದಾದರೆ ಪ್ಲೈವುಡ್ ಮೇಲೆ ಬರೀ ಹಾಸಿಗೆಯ ಭಾರಕ್ಕೆ ಸಿಕ್ಕಿಕೊಂಡಿರುತ್ತದೆ, ನಾಲ್ಕು ದಿನಕ್ಕೆ ಜಾರುತ್ತದೆ. ಮನೆಯಲ್ಲಿರುವ ದಾರ, ದುಪಟ್ಟಾ ಸೇರಿಸಿ ಉದ್ದ ಮಾಡಬೇಡಿ, ತಯಾರಕರ ಉದ್ದನೆಯ ಬೆಲ್ಟನ್ನೇ ತರಿಸಿ. ಸ್ಟೋರೇಜ್ ತೆಗೆಯಲು ಹಾಸಿಗೆ ಎತ್ತಿದಾಗಲೆಲ್ಲ ಬೆಲ್ಟ್ ಸಡಿಲವಾಗುತ್ತದೆ ಎಂಬುದೂ ನೆನಪಿರಲಿ. ಮುಂದಿನ ಆರು ತಿಂಗಳಿಗೆ ಬೇಕಾದದ್ದನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಚಕ್ರಕ್ಕೆ ಬ್ರೇಕ್ ಇದೆಯಲ್ಲ, ಬೆಲ್ಟ್ ಯಾಕೆ ಎಂದು ಕೇಳುವವರಿದ್ದಾರೆ. ಬ್ರೇಕ್ ಚಕ್ರ ಉರುಳುವುದನ್ನು ತಡೆಯುತ್ತದೆ, ಜಾರುವುದನ್ನಲ್ಲ. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಬ್ರೇಕ್ ಹಾಕಿದ ಚಕ್ರವೂ ಸರಕ್ಕನೆ ಜಾರುತ್ತದೆ.

ಬೆಲ್ಟ್ ಬಿಗಿದ ಮೇಲೆ ಮಾಡಬೇಕಾದ ಪರೀಕ್ಷೆ ಒಂದಿದೆ. ಒಬ್ಬರು ಹಾಸಿಗೆಯ ಅಂಚಿನಲ್ಲಿ ಮಲಗಲಿ. ಇನ್ನೊಬ್ಬರು ಬೆರಳುಗಳನ್ನು ಕೆಳಮುಖವಾಗಿಟ್ಟು, ಕಾಟ್‌ಗೂ ಹಾಸಿಗೆಗೂ ನಡುವಿನ ಗೆರೆಯ ಮೇಲೆ ತಲೆಯ ಕಡೆಯಿಂದ ಕಾಲಿನ ಕಡೆಗೆ ನಿಧಾನವಾಗಿ ಎಳೆಯಲಿ. ಬೆರಳು ಎಲ್ಲಿ ಇಳಿಯಿತೋ ಅಲ್ಲಿ ಸಂದಿದೆ. ನಡುಭಾಗ ಬಿಗಿಯಾಗಿದ್ದು ತಲೆಯ ಕಡೆಯ ತುದಿಯಲ್ಲಿ ಬೆರಳು ಇಳಿಯುವುದೇ ಹೆಚ್ಚು, ಏಕೆಂದರೆ ಹಾಸಿಗೆಯ ಮೂಲೆ ದುಂಡಗಿರುತ್ತದೆ. ಕಾಟನ್ನು ಮೂಲೆಯಿಂದ ನಾಲ್ಕು ಬೆರಳು ಕಾಲಿನ ಕಡೆಗೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೊದಲ ವಾರ ದಿನಾ ಮಲಗುವ ಮುಂಚೆ, ಆಮೇಲೆ ವಾರಕ್ಕೆರಡು ಸಲ ಹೀಗೆ ಬೆರಳಾಡಿಸಿ ನೋಡಿ.

ಜಾಗದ ಲೆಕ್ಕವೂ ಬೇಕು. 10 ಅಡಿ ಅಗಲದ ಕೋಣೆ ಅಂದರೆ 120 ಇಂಚು. ಕಿಂಗ್ ಮಂಚಕ್ಕೆ 72, ಕಾಟ್‌ಗೆ ಸುಮಾರು 24. ಉಳಿದದ್ದು 24 ಇಂಚು. ಕಾಟ್ ಇರುವ ಕಡೆಯ ಗೋಡೆಗೆ ವಾರ್ಡ್‌ರೋಬ್ ಇದ್ದರೆ ಬಾಗಿಲು ತೆರೆಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬಾಣಂತಿ ಮಂಚದಿಂದ ಇಳಿಯುವ ದಾರಿ. ಕಾಟ್ ಅವಳ ಮಗ್ಗುಲನ್ನು ಅಡ್ಡಗಟ್ಟಿರುತ್ತದೆ. ಸಿಸೇರಿಯನ್ ಹೊಲಿಗೆ ಇರುವವರು ಮಂಚದ ತುದಿಯವರೆಗೆ ತೆವಳುವುದು ಕಷ್ಟ, ನೋವಿನ ಕೆಲಸ. ಕಾಟ್ ಉದ್ದ ಸುಮಾರು 95 ಸೆಂ.ಮೀ., ಮಂಚದ್ದು 198. ಕಾಟನ್ನು ತಲೆಯ ಕಡೆಗೆ ನಿಲ್ಲಿಸಿದರೆ ಕಾಲಿನ ಕಡೆ ಒಂದು ಮೀಟರ್ ಬಿಡುವು ಸಿಗುತ್ತದೆ. ಅಲ್ಲಿಂದ ಕಾಲು ಇಳಿಬಿಟ್ಟು ಏಳಬಹುದು. ಆ ಜಾಗದಲ್ಲಿ ಬಕೆಟ್, ಸ್ಟೂಲ್ ಏನೂ ಇರಬಾರದು.

ಬಾಣಂತನ ತವರಿನಲ್ಲಿ ಎಂದಾದರೆ ಅಳೆಯಬೇಕಾದ್ದು ತವರಿನ ಮಂಚವನ್ನು! ಮಗು ಹುಟ್ಟಿದ ಮೊದಲ ಮೂರರಿಂದ ಐದು ತಿಂಗಳು ಕಳೆಯುವುದೇ ಅಲ್ಲಿ. ಇಲ್ಲಿನ ಮಂಚಕ್ಕೆ ಹೊಂದಿಸಿ ಕೊಂಡ ಕಾಟ್ ಅಲ್ಲಿನ ತಗ್ಗು ಮಂಚಕ್ಕೆ ಕೂರದೇ ಹೋಗಬಹುದು. ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವವರಿಗಂತೂ ಬೆಡ್‌ಸೈಡ್ ಕಾಟ್ ಸೇರುವುದೇ ಇಲ್ಲ. ಇನ್ನೊಂದು ಮಾತು: ಎರೆದ ಮೇಲೆ ಸಾಂಬ್ರಾಣಿ ಹಾಕುವ ಮನೆಗಳಲ್ಲಿ ಕೆಂಡದ ಪಾತ್ರೆಯನ್ನು ಈ ಕಾಟ್‌ನ ಅಡಿಗೆ ತರಲೇಬಾರದು. ಇದರ ಬಟ್ಟೆ, ಜಾಲರಿ ಎಲ್ಲ ಪಾಲಿಯೆಸ್ಟರ್ ಥರದ್ದು, ಕಿಡಿ ತಗುಲಿದರೆ ಕರಗಿ ಹೊತ್ತಿಕೊಳ್ಳುತ್ತದೆ. ಹೊಗೆ ಕೂಡ ಎಳೆಗೂಸಿನ ಉಸಿರಿಗೆ ಒಳ್ಳೆಯದಲ್ಲ.

ಇನ್ನು ಬಗೆಗಳು. ಲೋಹದ ಕೊಳವೆಯ ಚೌಕಟ್ಟಿಗೆ ಬಟ್ಟೆ ಮತ್ತು ಜಾಲರಿ ಹೊಲಿದಿರುವ ಮಡಚುವ ಕಾಟ್ ನಮ್ಮ ಮೊದಲ ಆಯ್ಕೆ: ಎತ್ತರ ಬದಲಾಗುತ್ತದೆ, ಬೆಲ್ಟ್ ಜೊತೆಗೇ ಬರುತ್ತದೆ, ತವರಿಗೆ ಕಾರಿನ ಡಿಕ್ಕಿಯಲ್ಲಿ ಒಯ್ಯಬಹುದು. ಎರಡು ಬದಿಯಾದರೂ ಜಾಲರಿ ಇರಲಿ. ಆದರೆ ಇದರ ಆಯುಷ್ಯ ಚಿಕ್ಕದು. ಚಿಕ್ಕೊ ಕಂಪನಿಯ ನೆಕ್ಸ್ಟ್‌ಟುಮಿ ಮಾದರಿಗೆ ಕೊಟ್ಟಿರುವ ಮಿತಿ 6 ತಿಂಗಳು, 9 ಕೆ.ಜಿ. ಈ ಬಗೆಯ ಕಾಟ್‌ಗಳಿಗೆಲ್ಲ ಹೆಚ್ಚುಕಮ್ಮಿ ಇದೇ ಮಿತಿ. ₹9,000 ಕೊಟ್ಟರೆ ತಿಂಗಳಿಗೆ ₹1,500 ಬಿದ್ದಂತೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ದುಡ್ಡು ತೆಗೆಯಿರಿ. ತೂಗುವ ಸೌಲಭ್ಯಕ್ಕೆ ಹೆಚ್ಚು ಕೊಡಬೇಕಾಗಿಲ್ಲ, ಮಂಚಕ್ಕೆ ಕಟ್ಟಿದಾಗ ಅದನ್ನು ಲಾಕ್ ಮಾಡಲೇಬೇಕು. ತಲೆಯ ಕಡೆ ಎತ್ತರಿಸಿ ಓರೆ ಮಾಡುವ ಸೌಲಭ್ಯವನ್ನೂ ಬಳಸಬೇಡಿ. ಹಾಲು ಕಕ್ಕುವ ಮಗುವಾದರೂ ಸಪಾಟಾಗಿ ಅಂಗಾತ ಮಲಗುವುದೇ ಸುರಕ್ಷಿತ.

ಮರದ ದೊಡ್ಡ ಕಾಟ್ ತಂದು ಒಂದು ಬದಿ ಬಿಚ್ಚಿ ಮಂಚಕ್ಕೆ ಆನಿಸಿದರೆ ಎರಡು ವರ್ಷ ಬರುತ್ತದಲ್ಲ ಎಂಬ ಯೋಚನೆ ಸಹಜ. ನಾಗಸಂದ್ರದ ಐಕಿಯದಲ್ಲಿ ಸಿಗುವಂಥ 60×120 ಸೆಂ.ಮೀ. ಕಾಟ್‌ಗಳು ಗಟ್ಟಿಯಾದವೇ. ಆದರೆ ಅವುಗಳ ಬದಿ ಬಿಚ್ಚುವ ವ್ಯವಸ್ಥೆ ಇರುವುದು ಮಗು ತಾನೇ ಹತ್ತಿ ಇಳಿಯುವ ವಯಸ್ಸಿಗೆ. ಮಂಚಕ್ಕೆ ಬಿಗಿಯುವ ಬೆಲ್ಟ್ ಇಲ್ಲ, ಬೇಕಾದ ಎತ್ತರಕ್ಕೆ ಹೊಂದಿಸಲಾಗದು. ನಾಲ್ಕೂ ಬದಿ ಹಾಕಿಕೊಂಡು ಮಂಚದ ಪಕ್ಕಕ್ಕೆ ನಿಲ್ಲಿಸುವುದಾದರೆ ಒಳ್ಳೆಯ ಸಾಮಾನು. ಬಡಗಿಯಿಂದ ಮಾಡಿಸುವವರು ಈ ಅಳತೆಗಳನ್ನು ಬರೆದೇ ಕೊಡಿ: ಸರಳುಗಳ ನಡುವೆ 4.5ರಿಂದ 6 ಸೆಂ.ಮೀ.; ತಳ ಕೆಳಗಿನ ಹಂತದಲ್ಲಿದ್ದಾಗ ಬದಿಯ ಎತ್ತರ 60 ಸೆಂ.ಮೀ.; ಮೂಲೆಯ ಕಂಬಗಳ ಮೇಲೆ ಗುಂಡು, ಕಳಶ ಯಾವುದೂ ಬೇಡ, ಬಟ್ಟೆ ಸಿಕ್ಕಿಕೊಳ್ಳುತ್ತದೆ; ಮೊಳೆ ಬೇಡ, ಬೋಲ್ಟ್ ಹಾಕಲಿ. ಜಾರಿಸಿ ಇಳಿಸುವ ಬದಿ ಮಾಡಿಸಲೇಬೇಡಿ. ಅಂಥ ಕಾಟ್‌ಗಳ ಮಾರಾಟವನ್ನು ಅಮೆರಿಕ 2011ರಲ್ಲೇ ನಿಲ್ಲಿಸಿತು. ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರೂ ಇದನ್ನು ನೋಡಬೇಕು, ಜೊತೆಗೆ ಬೆಲ್ಟ್, ಬಕಲ್, ತಯಾರಕರ ಪುಸ್ತಿಕೆ ಎಲ್ಲ ಇವೆಯೇ ಎಂದು ಕೇಳಿ ತಿಳಿಯಿರಿ. ಬೆಲ್ಟ್ ಕಳೆದುಹೋದ ಬೆಡ್‌ಸೈಡ್ ಕಾಟ್ ಬರೀ ಕಾಟ್.

ತೊಟ್ಟಿಲು, ಸೀರೆಯ ಜೋಲಿ ಹಗಲಿಗಿರಲಿ, ಕಣ್ಣೆದುರಿಗಿರಲಿ. ಜೋಲಿಯಲ್ಲಿ ಬೆನ್ನು ಬಾಗಿ ಮಗುವಿನ ಗಲ್ಲ ಎದೆಗೆ ಒತ್ತಿಕೊಳ್ಳುತ್ತದೆ. ಎಲ್ಲರೂ ನಿದ್ದೆಯಲ್ಲಿರುವ ರಾತ್ರಿಗೆ ಅದು ಬೇಡ.

ಕಾಟ್ ಜೊತೆ ಬಂದ ಹಾಸಿಗೆ ತೆಳ್ಳಗೆ, ಗಟ್ಟಿ ಅನಿಸುತ್ತದೆ. ‘ಪಾಪ, ಕೂಸಿಗೆ ಒತ್ತುತ್ತೆ’ ಎಂದು ಅಜ್ಜಿಯರು ಮರುಗಿ ಮೇಲೊಂದು ಹತ್ತಿ ಹಾಸಿಗೆ ಹಾಕುತ್ತಾರೆ. ಅದು ಪ್ರೀತಿಯೇ, ಆದರೆ 5 ಸೆಂ.ಮೀ. ಹಾಸಿಗೆ ಸೇರಿಸಿದರೆ 12 ಸೆಂ.ಮೀ. ತಡೆ 7ಕ್ಕೆ ಇಳಿಯುತ್ತದೆ, ಮೆತ್ತನೆಯ ಹತ್ತಿಯಲ್ಲಿ ಮುಖ ಹೂತುಕೊಳ್ಳಬಹುದು. ಹಾಸಿಗೆಗೂ ಕಾಟ್‌ನ ಬದಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಕೂಡದು. ಮೆಡಿಕಲ್ ಶಾಪಿನ ರಬ್ಬರ್ ಶೀಟ್ ಹಾಸಬಹುದು, ಸುಕ್ಕಿಲ್ಲದೆ ಎಳೆದು, ಅದರ ಮೇಲೆ ಎಲಾಸ್ಟಿಕ್ ಇರುವ ಬೆಡ್‌ಶೀಟ್ ಬಿಗಿಯಾಗಿ ಕೂರಲಿ. ಅಂಥವು ಮೂರಾದರೂ ಬೇಕು: ಒಂದು ಹಾಸಿದ್ದು, ಒಂದು ಒಗೆದದ್ದು, ಮಳೆಗಾಲದಲ್ಲಿ ಇನ್ನೂ ಒಣಗದ್ದು ಒಂದು. ಸಾಸಿವೆ ದಿಂಬು, ಕಾಟ್‌ನ ಒಳಬದಿಗೆ ಸುತ್ತಲೂ ಕಟ್ಟುವ ಮೆತ್ತೆ (ಬಂಪರ್), ಗೊಂಬೆ, ಗೇಣುದ್ದದ ದೃಷ್ಟಿದಾರ ಎಲ್ಲವೂ ಹೊರಗಿರಲಿ. ಜನವರಿಯ ರಾತ್ರಿ ಉಷ್ಣಾಂಶ 15-16 ಡಿಗ್ರಿಗೆ ಇಳಿದಾಗಲೂ ಸಡಿಲವಾದ ರಗ್ಗು ಬೇಡ. ಒಂದು ಪದರ ಬಟ್ಟೆ ಹೆಚ್ಚಿಗೆ ತೊಡಿಸಿ, ಇಲ್ಲವೇ ತೋಳಿಲ್ಲದ ಸ್ಲೀಪಿಂಗ್ ಸ್ಯಾಕ್ (ಮಗುವಿಗೆ ತೊಡಿಸುವ ಚೀಲದಂಥ ಉಡುಪು) ಹಾಕಿ. ನಿದ್ದೆಯಲ್ಲಿ ಕುಲಾವಿಯನ್ನೂ ತೆಗೆಯಿರಿ, ಮುಖದ ಮೇಲೆ ಜಾರುತ್ತದೆ, ಮೈ ಕಾವೇರುತ್ತದೆ.

ಸೊಳ್ಳೆಗೆ ಛತ್ರಿಯಂಥ ಪರದೆಯನ್ನು ಕಾಟ್‌ನೊಳಗೆ ಇಡಬೇಡಿ, ಮಗುವಿನ ಕಾಲು ತಗುಲಿ ಮಗುಚಿಕೊಳ್ಳುತ್ತದೆ. ಮಂಚ, ಕಾಟ್ ಎರಡನ್ನೂ ಸೇರಿಸಿ ಒಂದೇ ದೊಡ್ಡ ಪರದೆ ಕಟ್ಟಿ. ಕಿಂಗ್ ಮಂಚಕ್ಕೆ 6 ಅಡಿ, ಕಾಟ್‌ಗೆ 2 ಅಡಿ, ಒಟ್ಟು 8 ಅಡಿ ಅಗಲ. ಪರದೆ ಕಾಟ್‌ನ ಹೊರಬದಿಯಿಂದ ನೆಲದವರೆಗೆ ಇಳಿಯಬೇಕು. ಎರಡರ ನಡುವೆ ತುರುಕಿದರೆ ಕಷ್ಟಪಟ್ಟು ಮುಚ್ಚಿದ ಸಂದು ಮತ್ತೆ ತೆರೆದುಕೊಳ್ಳುತ್ತದೆ.

ಜೋಡಿಸುವಾಗ ಕೊಳವೆಗಳ ಗುಂಡಿ ಟಕ್ಕೆಂದು ಹೊರಬಂದಿದೆಯೇ ಎಂದು ಪ್ರತಿಯೊಂದನ್ನೂ ಒತ್ತಿ ನೋಡಿ. ಒಂದು ಅರ್ಧಕ್ಕೆ ಸಿಕ್ಕಿಕೊಂಡಿದ್ದರೂ ತಳ ಒಂದು ಕಡೆ ವಾಲುತ್ತದೆ, ಮಗು ರಾತ್ರಿಯಿಡೀ ಆ ಮೂಲೆಗೆ ಜಾರುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ತಳದ ಮೇಲಿಟ್ಟರೆ ಗೊತ್ತಾಗುತ್ತದೆ. ಎರಡೂ ಕಡೆಯ ಕಾಲು ಒಂದೇ ಹಂತದಲ್ಲಿರಲಿ.

ಮಗು ತಾನಾಗಿ ಮಗುಚಿಕೊಳ್ಳಲು, ಅಂಗೈ ಮೊಣಕಾಲೂರಿ ಮೈ ಎತ್ತಲು ಅಥವಾ ಕೂರಲು ತೊಡಗಿದರೆ, ನಾಲ್ಕನೇ ತಿಂಗಳಾದರೂ ಸರಿ, ಬೆಡ್‌ಸೈಡ್ ಕಾಟ್ ಅವತ್ತಿಗೇ ಮುಗಿಯಿತು. ಮಿತಿ 6 ತಿಂಗಳು ಎಂದಿದೆಯಲ್ಲ ಎಂದು ಕಾಯಬೇಡಿ. ಅಷ್ಟರೊಳಗೆ 60×120ರ ಕಾಟ್ ಮನೆಯಲ್ಲಿ ಜೋಡಿಸಿಟ್ಟಿರಬೇಕು, ಅದರ ತಳ ಕೆಳಗಿನ ಹಂತಕ್ಕೆ ಇಳಿದಿರಬೇಕು.