ಸ್ಕೈರಿಮ್: 240 ಮಾಡ್‌ನಿಂದ 46ಕ್ಕೆ ಇಳಿದ ಮೇಲೆ

ಸ್ಕೈರಿಮ್ ಅಂದರೆ ಕತ್ತಿ, ಮಂತ್ರ, ಡ್ರ್ಯಾಗನ್ ಇರುವ ಲೋಕದಲ್ಲಿ ಅಲೆಯುವ ಕಂಪ್ಯೂಟರ್ ಆಟ; ಮಾಡ್ ಅಂದರೆ ಆ ಆಟವನ್ನು ಬದಲಿಸಲು ಆಡುವವರೇ ಮಾಡಿ ಹಂಚುವ ಫೈಲ್‌ಗಳು. ಆಟ ಮಾರುವ ಸ್ಟೀಮ್‌ನ ಲೆಕ್ಕದ ಪ್ರಕಾರ ನಾನು ಸ್ಕೈರಿಮ್ ಆಡಿದ್ದು 1,900 ಗಂಟೆ. ಅದನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಅರ್ಧದಷ್ಟು ಹೊತ್ತು ನಾನು ಆಡಿಯೇ ಇಲ್ಲ. ಆಟ ಶುರು ಮಾಡಿ, ಮೆನು ಬಂತಾ ಅಂತ ನೋಡಿ, ಮುಚ್ಚಿ, ಇನ್ನೊಂದು ಮಾಡ್ ಹಾಕಿ, ಮತ್ತೆ ಶುರು ಮಾಡಿ, ಕ್ರ್ಯಾಶ್ ಆಗಿದ್ದನ್ನು ನೋಡಿ ತಲೆ ಕೆರೆದುಕೊಂಡ ಗಂಟೆಗಳು ಅವು. ಆಟ ಬಂದದ್ದು 2011ರ ನವೆಂಬರ್ 11ಕ್ಕೆ, ನಾನು ಹಿಡಿದದ್ದು 2014ರಲ್ಲಿ. ಇಷ್ಟು ವರ್ಷದಲ್ಲಿ ಮುಖ್ಯ ಕಥೆ ಮುಗಿಸಿದ್ದು ಎರಡೇ ಸಲ. ಕ್ಯಾರೆಕ್ಟರ್ ಎಷ್ಟು ಮಾಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ, ಅರವತ್ತರ ಮೇಲಿರಬೇಕು.

ಈಗ ಬರೆಯುತ್ತಿರುವುದು ಸ್ಪೆಷಲ್ ಎಡಿಷನ್ ಬಗ್ಗೆ, ಅಂದರೆ 2016ರಲ್ಲಿ ಬಂದ 64-ಬಿಟ್ ಆವೃತ್ತಿ. ಹಳೆಯ 32-ಬಿಟ್ ಆವೃತ್ತಿಯಲ್ಲಿ ನಾಲ್ಕು ಒಳ್ಳೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಾಡ್ ಹಾಕಿದರೆ ಮೆಮೊರಿ ಸಾಲದೆ ಆಟ ಬಿದ್ದುಹೋಗುತ್ತಿತ್ತು. ಮಾಡ್ ಹಾಕುವ ಯೋಚನೆ ಇದ್ದರೆ ಹಳೆಯದರ ಕಡೆ ತಲೆ ಹಾಕಬೇಡಿ.

ಮೊದಲು ಕ್ಯಾರೆಕ್ಟರ್ ವಿಷಯ. ಇಲ್ಲಿ 10 ಜನಾಂಗ, 18 ಸ್ಕಿಲ್ ಇವೆ. ಯೋಧ, ಮಾಂತ್ರಿಕ ಅಂತ ಕ್ಲಾಸ್ ಆರಿಸುವ ಗೊಡವೆಯೇ ಇಲ್ಲ. ಕತ್ತಿ ಬೀಸಿದರೆ ಕತ್ತಿಯ ಸ್ಕಿಲ್ ಏರುತ್ತದೆ, ಬೀಗ ತೆಗೆದರೆ ಬೀಗದ್ದು. ಸ್ಕಿಲ್ ಏರಿದಂತೆ ಲೆವೆಲ್ ಏರುತ್ತದೆ, ಪ್ರತಿ ಲೆವೆಲ್‌ಗೆ ಒಂದು ಪರ್ಕ್ (ಒಂದೊಂದು ಸ್ಕಿಲ್‌ನ ಮರದಿಂದ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ), ಜೊತೆಗೆ ಮ್ಯಾಜಿಕಾ (ಮಂತ್ರಶಕ್ತಿ), ಹೆಲ್ತ್, ಸ್ಟ್ಯಾಮಿನಾ ಮೂರರಲ್ಲಿ ಒಂದಕ್ಕೆ 10 ಅಂಕ. ಯಾರು ಏನು ಬೇಕಾದರೂ ಆಗಬಹುದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಕೊನೆಗೆ ಎಲ್ಲರೂ ಒಂದೇ ಆಗುತ್ತಾರೆ: ಕದ್ದು ಕೂತು ಬಾಣ ಬಿಡುವವರು.

ಇದು ತಮಾಷೆಯ ಮಾತು ಅನ್ನಿಸಬಹುದು, ಆದರೆ ಕಾರಣ ಇದೆ. ಕಣ್ಣಿಗೆ ಬೀಳದೆ ಬಿಟ್ಟ ಬಾಣಕ್ಕೆ ಎರಡರಷ್ಟು ಹಾನಿ, ಒಂದು ಪರ್ಕ್ ತಗೊಂಡರೆ ಮೂರರಷ್ಟು. ಎದುರಿನ ದರೋಡೆಕೋರ ಮೈಗೆ ಬಾಣ ಚುಚ್ಚಿಕೊಂಡೇ ಸುತ್ತಮುತ್ತ ಹುಡುಕಾಡಿ, ಯಾರೂ ಇಲ್ಲ ಅಂತ ವಾಪಸ್ ಹೋಗಿ ತನ್ನ ಜಾಗದಲ್ಲಿ ನಿಲ್ಲುತ್ತಾನೆ. ಇನ್ನೊಂದು ಬಾಣ ಬಿಡದೆ ಇರಲು ಯಾರಿಗೆ ಆಗುತ್ತದೆ? ನಾನು ಎರಡು ಕೈ ಕೊಡಲಿ ಹಿಡಿದ ಆರ್ಕ್ ಅಂತ ಶುರು ಮಾಡಿದ ಆಟದಲ್ಲೂ ಲೆವೆಲ್ 15ರ ಹೊತ್ತಿಗೆ ಬಂಡೆ ಹಿಂದೆ ಕುಕ್ಕರಗಾಲಲ್ಲಿ ಕೂತು ಬಿಲ್ಲು ಎಳೆಯುತ್ತಿದ್ದೆ.

ಇನ್ನೊಂದು ತಪ್ಪು ನಾನು ಮೂರು ಸಲ ಮಾಡಿದ್ದೇನೆ, ನೀವು ಮಾಡಬೇಡಿ. ವೈಟ್‌ರನ್ ಊರೊಳಗೇ ಕೂತು ಕಮ್ಮಾರಿಕೆ, ಎನ್‌ಚಾಂಟಿಂಗ್, ಆಲ್ಕೆಮಿ (ಆಯುಧ ಮಾಡುವುದು, ವಸ್ತುಗಳಿಗೆ ಮಂತ್ರ ತುಂಬುವುದು, ಮದ್ದು ಕಲಸುವುದು) ಮೂರನ್ನೂ ಉಜ್ಜಿ ಉಜ್ಜಿ ಮೇಲಕ್ಕೆ ಏರಿಸಿದೆ. ಲೆವೆಲ್ 28 ಬಂತು. ಮೈಮೇಲೆ ಥಳಥಳ ಅನ್ನುವ ಕವಚ. ಹೊರಗೆ ಹೋದರೆ ದಾರಿಯಲ್ಲೇ ಸಿಕ್ಕವರ ಹತ್ತಿರ ಸಖತ್ತಾಗಿ ಒದೆ ತಿಂದೆ. ಯಾಕೆ ಅಂದರೆ ಈ ಆಟದಲ್ಲಿ ಶತ್ರುಗಳಲ್ಲಿ ಬಹುಪಾಲು ನಿಮ್ಮ ಲೆವೆಲ್ ನೋಡಿ ಬಲಿಯುತ್ತಾರೆ, ಆ ಲೆವೆಲ್ ಕತ್ತಿಯಿಂದ ಬಂತೋ ಸುತ್ತಿಗೆಯಿಂದ ಬಂತೋ ಅಂತ ಕೇಳುವುದಿಲ್ಲ. ನನ್ನ ಒಂದು ಕೈ ಆಯುಧದ ಸ್ಕಿಲ್ ಆಗ 22. ಲೆವೆಲ್ 28ರವರ ಎದುರು 22ರ ಕತ್ತಿ ಏನು ಮಾಡೀತು.

ಬೆಂಕಿ, ಮಿಂಚು ಎಸೆಯುವ ಮಾಂತ್ರಿಕನ ಕಥೆ ಬೇರೆ. ಡಿಸ್ಟ್ರಕ್ಷನ್ ಸ್ಕಿಲ್ ಏರಿದರೆ ಮಂತ್ರದ ಖರ್ಚು ಇಳಿಯುತ್ತದೆ, ಪೆಟ್ಟು ಜಾಸ್ತಿ ಆಗುವುದಿಲ್ಲ. ಪೆಟ್ಟು ಏರಬೇಕಾದರೆ ಪರ್ಕ್ ಬೇಕು, ಅವೂ ಬೇಗ ಮುಗಿಯುತ್ತವೆ. ಆಮೇಲೆ ಉಳಿಯುವುದು ಒಂದೇ ಉಪಾಯ, ಎನ್‌ಚಾಂಟಿಂಗ್ 100ಕ್ಕೆ ತಂದು ನಾಲ್ಕು ವಸ್ತುಗಳಲ್ಲಿ ತಲಾ 25% ಖರ್ಚು ಇಳಿಸಿ ಮಂತ್ರವನ್ನು ಪುಕ್ಕಟೆ ಮಾಡಿಕೊಳ್ಳುವುದು. ಅಲ್ಲಿಂದ ಮುಂದೆ ಆಟ ಅಂದರೆ ಬಟನ್ ಒತ್ತಿ ಹಿಡಿಯುವುದಷ್ಟೇ. ನನಗೆ ಬೇಜಾರಾಯಿತು.

ಇದೆಲ್ಲ ಆದ ಮೇಲೆ ಮಾಡಿದ ಕ್ಯಾರೆಕ್ಟರ್ ಮಾಯಿ. ಬ್ರೆಟನ್ ಜನಾಂಗದ ಹೆಂಗಸು, ಹುಟ್ಟಿನಿಂದ ಬರುವ 25% ಮಾಯಾ ನಿರೋಧ ಬಿಟ್ಟರೆ ಮೈಗೆ ರಕ್ಷಣೆ ಇಲ್ಲ. ಶುರು ಮಾಡುವ ಮುಂಚೆ ಒಂದು ಚೀಟಿ ಬರೆದು ಮಾನಿಟರ್ ಕೆಳಗೆ ಅಂಟಿಸಿದೆ: "ಇವಳು ತನ್ನ ಕೈಯಿಂದ ಯಾರನ್ನೂ ಕೊಲ್ಲುವುದಿಲ್ಲ." ಅಷ್ಟೇ. ಬೇರೆ ಪ್ಲಾನ್ ಇಲ್ಲ. ಕೊಲ್ಲದವಳಿಗೆ ಇಲ್ಯೂಷನ್ (ಬೇರೆಯವರ ಮನಸ್ಸು ತಿರುಗಿಸುವ ಮಂತ್ರವಿದ್ಯೆ) ಬೇಕು, ಕದ್ದು ನಡೆಯುವುದು ಬೇಕು, ಮಾತು ಬೇಕು. ಕಮ್ಮಾರಿಕೆ ಬೇಡ, ಭಾರಿ ಕವಚ ಬೇಡ, ಬಿಲ್ಲಂತೂ ಬೇಡವೇ ಬೇಡ. ಒಟ್ಟು 251 ಪರ್ಕ್ ಅಂಕಗಳಿರುವ ಆಟದಲ್ಲಿ ಮುಕ್ಕಾಲು ಪಾಲು ಆ ಒಂದೇ ಸಾಲಿಗೆ ಉದುರಿಹೋಯಿತು.

ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನುವ ಹಳೆಯ ಸಮಾಧಿ ಗುಹೆಗೆ ಅವಳನ್ನು ಕರೆದುಕೊಂಡು ಹೋದದ್ದು ನನಗೆ ಇನ್ನೂ ನೆನಪಿದೆ. ಒಳಗೆ ಹೋದ ಕೂಡಲೆ ಬೆಂಕಿ ಪಕ್ಕ ಇಬ್ಬರು ದರೋಡೆಕೋರರು. ಕಂಬದ ಹಿಂದಿನಿಂದ ಒಬ್ಬನ ಮೇಲೆ ಕೋಪ ಬರಿಸುವ ಫ್ಯೂರಿ ಮಂತ್ರ ಎಸೆದೆ, ಅವನು ತಿರುಗಿ ಜೊತೆಗಾರಳನ್ನೇ ಕಡಿದ. ಭಲೇ ಅನ್ನಿಸಿತು. ಇನ್ನೂ ಒಳಗೆ ಹೋದರೆ ಡ್ರಾಗರ್, ಅಂದರೆ ಎದ್ದು ಓಡಾಡುವ ಹೆಣಗಳು. ಹೆಣಕ್ಕೆ ಕೋಪ ಬರಿಸಲು ಆಗುವುದಿಲ್ಲ! ಸತ್ತವರ ಮೇಲೆ ಇಲ್ಯೂಷನ್ ನಡೆಯಬೇಕಾದರೆ ಮಾಸ್ಟರ್ ಆಫ್ ದ ಮೈಂಡ್ ಅನ್ನುವ ಪರ್ಕ್ ಬೇಕು, ಅದು ಸಿಗುವುದು ಸ್ಕಿಲ್ 90 ಆದ ಮೇಲೆ. ನನ್ನದು 24. ಎರಡು ಸಲ ಸತ್ತೆ. ಮೂರನೇ ಸಲ ಅಲ್ಲೊಂದು ಒತ್ತುಕಲ್ಲು ಇರುವುದು ನೆನಪಾಯಿತು, ತುಳಿದರೆ ಪಕ್ಕದ ಮುಳ್ಳಿನ ಗೇಟು ಬೀಸಿ ಬಂದು ಹೊಡೆಯುತ್ತದೆ. ಡ್ರಾಗರ್‌ಗೆ ಕಾಣಿಸುವ ಹಾಗೆ ನಿಂತು, ಓಡಿ, ಕಲ್ಲಿನ ಅಂಚಿನಲ್ಲಿ ಗೋಡೆಗೆ ಒತ್ತಿಕೊಂಡು ದಾಟಿ ಈಚೆ ಕಾದೆ. ಅದು ಗೊರಗೊರ ಅನ್ನುತ್ತಾ ನೇರ ಕಲ್ಲಿನ ಮೇಲೇ ಕಾಲಿಟ್ಟಿತು. ಈ ಗುಹೆಗೆ ನಾನು ಹೋಗಿದ್ದು ಅದು ಬಹುಶಃ ಐವತ್ತನೇ ಸಲ, ಮೊದಲ ಸಲದಷ್ಟೇ ಎದೆ ಹೊಡೆದುಕೊಂಡಿತು. ಯಾವ ಗ್ರಾಫಿಕ್ಸ್ ಮಾಡ್ ಕೂಡ ನನಗೆ ಇದನ್ನು ಕೊಟ್ಟಿರಲಿಲ್ಲ.

ಈಗ ಮಾಡ್ ವಿಷಯಕ್ಕೆ ಬರುತ್ತೇನೆ. ಮಾಯಿಗಿಂತ ಮುಂಚೆ ನನ್ನ ಪಟ್ಟಿಯಲ್ಲಿ 240 ಮಾಡ್ ಇದ್ದವು. ಹೇಗೆ ಸೇರಿದವು ಅಂತ ಕೇಳಿದರೆ ಉತ್ತರ ಇಲ್ಲ. ಚೆನ್ನಾಗಿ ಕಂಡಿತು, ಹಾಕಿದೆ. ಸುಮ್ನೆ. ಒಂದು ದಿನ ಆಟದಲ್ಲಿ ನಮ್ಮ ಜೊತೆಗೆ ಬರುವ ಲಿಡಿಯಾ ನನ್ನ ಎದುರು ಬಂದು ನಿಂತರೆ ಮೈ ಬೆಳ್ಳಗೆ, ಮುಖ ಮಾತ್ರ ಇದ್ದಿಲು. ಹೊಸದಾಗಿ ಮಾಡ್ ಹಾಕುವವರು ಇದನ್ನು ಒಂದಲ್ಲ ಒಂದು ದಿನ ನೋಡೇ ನೋಡುತ್ತಾರೆ. ಎರಡು ಮಾಡ್ ಒಬ್ಬರದೇ ಮುಖ ತಿದ್ದಲು ಹೋದಾಗ ಹೀಗೆ ಆಗುತ್ತದೆ. ಪ್ಲಗಿನ್ (ಆಟದಲ್ಲಿ ಏನು ಬದಲಾಗಬೇಕು ಅಂತ ಹೇಳುವ ಫೈಲ್) ಒಂದು ಮಾಡ್‌ನದು ಗೆದ್ದಿರುತ್ತದೆ, ಮುಖದ ಫೈಲ್ ಇನ್ನೊಂದರದ್ದು ಗೆದ್ದಿರುತ್ತದೆ, ಎರಡಕ್ಕೂ ತಾಳೆ ಇಲ್ಲದೆ ಮುಖ ಕಪ್ಪಾಗುತ್ತದೆ. ಎರಡು ಕಡೆಯೂ ಒಂದೇ ಮಾಡ್ ಗೆಲ್ಲುವ ಹಾಗೆ ಜೋಡಿಸಿದರೆ ಸರಿ ಹೋಗುತ್ತದೆ. ಇಷ್ಟು ಗೊತ್ತಾಗಲು ನನಗೆ ಎರಡು ರಾತ್ರಿ ಹಿಡಿಯಿತು, ಗುಡ್ಡ ಅಗೆದು ಇಲಿ ಹಿಡಿದ ಹಾಗೆ. (ಊರಿಗೆ ಊರೇ ಕಡು ನೇರಳೆ ಆಗಿ ಕಂಡರೆ ಅದು ಬೇರೆ ರೋಗ, ಟೆಕ್ಸ್ಚರ್ ಫೈಲ್ ಸಿಗುತ್ತಿಲ್ಲ ಅಂತ ಅರ್ಥ.)

ಮಾಯಿ ಬಂದ ಮೇಲೆ ಎಲ್ಲ ತೆಗೆದು ಹೊಸದಾಗಿ ಶುರು ಮಾಡಿದೆ. ಒಂದೊಂದು ಮಾಡ್ ಹಾಕುವ ಮುಂಚೆ ಕೇಳಿಕೊಂಡದ್ದು ಒಂದೇ ಪ್ರಶ್ನೆ, ಇದು ಅವಳ ಕಣ್ಣಿಗೆ ಬೀಳುತ್ತದಾ? ನೂರು ಹೊಸ ಕವಚ ಕೊಡುವ ಮಾಡ್ ಎಷ್ಟೇ ಚಂದ ಇರಲಿ, ಅವಳು ಕವಚ ಹಾಕುವುದಿಲ್ಲ, ಹೊರಗೆ. ಕತ್ತಿ ಕಾಳಗ ಬದಲಿಸುವ ಮೂರು ಮಾಡ್, ಹೊರಗೆ. ತಲೆ ಕಡಿದು ಉರುಳಿಸುವ ಅನಿಮೇಷನ್, ಹೊರಗೆ. ಅಪಾಕಲಿಪ್ಸ್ ಮಾತ್ರ ಒಳಗೆ ಬಂತು, 155 ಹೊಸ ಮಂತ್ರ ಕೊಡುತ್ತದೆ, ಹಲವು ಮಂತ್ರಗಳು ಇಲ್ಯೂಷನ್‌ನವೇ, ಆಟದ ಮೂಲ ಮಂತ್ರಗಳ ಪಕ್ಕದಲ್ಲಿ ಇಟ್ಟರೆ ಹೊರಗಿನವು ಅನ್ನಿಸುವುದಿಲ್ಲ. ಆಟವನ್ನು ಬೇರೆ ಕಡೆಯಿಂದ ಶುರು ಮಾಡಿಸುವ ಆಲ್ಟರ್ನೇಟ್ ಸ್ಟಾರ್ಟ್ ಕೂಡ ಬಂತು, ಕೈದಿಯಾಗಿ ಕೂತು ಹೋಗುವ ಆ ಶುರುವಿನ ಗಾಡಿ ಪ್ರಯಾಣವನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ.

ಪರ್ಕ್ ಮಾಡ್ ಆರಿಸುವಾಗ ಸ್ವಲ್ಪ ತಡವರಿಸಿದೆ. ಎಲ್ಲರೂ ಹೇಳುವುದು ಆರ್ಡಿನೇಟರ್. ಬಹಳ ದೊಡ್ಡದು, ನೂರಾರು ಹೊಸ ಪರ್ಕ್, ಒಂದೊಂದು ಮರವೂ ಕಾಡು. ಮೊದಲ ವಾರ ಹಬ್ಬ. ಆದರೆ ಪ್ರತಿ ಲೆವೆಲ್‌ಗೂ ಆಟ ನಿಲ್ಲಿಸಿ ಹತ್ತು ನಿಮಿಷ ಓದುತ್ತಾ ಕೂತಿದ್ದೇನೆ ಅಂತ ಆಮೇಲೆ ಗೊತ್ತಾಯಿತು. ಅದೇ ಕೈಯಿಂದ ಬಂದ ವೊಕ್ರಿ ಸಣ್ಣದು, ಮೂಲ ಆಟದ ಮರಗಳ ಸ್ವಭಾವವನ್ನೇ ಇಟ್ಟುಕೊಂಡು ಬೇಜಾರಿನ ಪರ್ಕ್‌ಗಳನ್ನು ಮಾತ್ರ ತಿದ್ದುತ್ತದೆ. ಮೊದಲ ಸಲ ಆಡುವವರು ಎರಡೂ ಹಾಕಬೇಡಿ, ಮೂಲದ್ದನ್ನೇ ಆಡಿ. ಎರಡನೇ ಸಲಕ್ಕೆ ವೊಕ್ರಿ. ಆರ್ಡಿನೇಟರ್ ನನ್ನ ಹಾಗೆ ಹಳಬರಿಗೆ, ಅದೂ ಒಂದು ವಿಚಿತ್ರ ಬಿಲ್ಡ್ (ಕ್ಯಾರೆಕ್ಟರ್ ಬೆಳೆಸುವ ಪ್ಲಾನ್) ತಲೆಯಲ್ಲಿ ಇದ್ದಾಗ ಮಾತ್ರ. ಎರಡನ್ನೂ ಒಟ್ಟಿಗೆ ಹಾಕುವ ಬುದ್ಧಿವಂತರೂ ಇದ್ದಾರೆ. ಎರಡೂ ಬದಲಿಸುವುದು ಅವೇ ಮರಗಳನ್ನು, ಒಂದೇ ಉಳಿಯುತ್ತದೆ.

ಯಾವ ಕ್ಯಾರೆಕ್ಟರ್ ಆದರೂ ಬೇಕಾದವು ಅಂದರೆ ನನ್ನ ಪ್ರಕಾರ ಮೂರೇ. ಅನಫಿಷಿಯಲ್ ಪ್ಯಾಚ್, ಸಾವಿರಾರು ಸಣ್ಣಪುಟ್ಟ ತಪ್ಪು ತಿದ್ದುತ್ತದೆ. ಸ್ಕೈಯುಐ, ಯಾಕೆಂದರೆ ಮೂಲ ಆಟದ ಸಾಮಾನು ಪಟ್ಟಿ ಕಂಟ್ರೋಲರ್‌ಗೆ ಮಾಡಿದ್ದು, ಇದು ತೂಕ, ಬೆಲೆ ಎಲ್ಲ ಸಾಲಾಗಿ ತೋರಿಸುತ್ತದೆ, ಹುಡುಕಲೂಬಹುದು. ಅದಕ್ಕೆ ಆಧಾರವಾಗಿ ಎಸ್‌ಕೆಎಸ್‌ಇ, ಅಂದರೆ ಮೂಲ ಆಟದಲ್ಲಿ ಆಗದ ಕೆಲಸಗಳನ್ನು ಮಾಡ್‌ಗಳು ಮಾಡುವ ಹಾಗೆ ಮಾಡುವ ಸಾಧನ.

ಈ ಎಸ್‌ಕೆಎಸ್‌ಇ ವಿಷಯದಲ್ಲಿ ಹುಷಾರು. ಅದು ಆಟದ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಆಟಕ್ಕೆ ಅಪ್‌ಡೇಟ್ ಬಂದರೆ ಎಸ್‌ಕೆಎಸ್‌ಇಯನ್ನು ನಂಬಿಕೊಂಡ ಮಾಡ್‌ಗಳೆಲ್ಲ ಸಾಲಾಗಿ ಮಲಗುತ್ತವೆ, 2021ರ ನವೆಂಬರ್‌ನಲ್ಲಿ ಒಮ್ಮೆ, 2023ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಹೀಗೇ ಆಯಿತು. ಸ್ಟೀಮ್‌ನಲ್ಲಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಅನ್ನುವ ಆಯ್ಕೆ ಹಾಕಿ, ಆಮೇಲೆ ಯಾವಾಗಲೂ ಎಸ್‌ಕೆಎಸ್‌ಇ ಮೂಲಕವೇ ಆಟ ತೆರೆಯಿರಿ. 2021ರಲ್ಲಿ ನಾನು ಇದನ್ನು ಮಾಡಿರಲಿಲ್ಲ.

ಮಾಡ್ ಹಾಕಲು ಮಾಡ್ ಆರ್ಗನೈಸರ್ 2 ಬಳಸುತ್ತೇನೆ. ಅದು ಆಟದ ಫೋಲ್ಡರ್ ಮುಟ್ಟುವುದಿಲ್ಲ, ಪ್ರತಿ ಮಾಡ್ ತನ್ನ ಫೋಲ್ಡರ್‌ನಲ್ಲೇ ಇರುತ್ತದೆ, ಟಿಕ್ ತೆಗೆದರೆ ಇಲ್ಲ. ಒಂದೊಂದು ಕ್ಯಾರೆಕ್ಟರ್‌ಗೆ ಒಂದೊಂದು ಪ್ರೊಫೈಲ್ ಇಡಬಹುದು, ನನಗೆ ಬೇಕಾಗಿದ್ದೇ ಅದು. ಹಾಗಂತ ಆಡುತ್ತಾ ಆಡುತ್ತಾ ಟಿಕ್ ತೆಗೆಯಬೇಡಿ! ಸ್ಕ್ರಿಪ್ಟ್ ಇರುವ ಮಾಡ್ ಸೇವ್ ಫೈಲ್ ಒಳಗೆ ಬೇರು ಬಿಟ್ಟಿರುತ್ತದೆ, ಮಧ್ಯದಲ್ಲಿ ಕಿತ್ತರೆ ಬೇರು ಅಲ್ಲೇ ಉಳಿಯುತ್ತದೆ. ಒಂದು ಹವಾಮಾನದ ಮಾಡ್ ಇಷ್ಟವಾಗದೆ ನಾನು ಹೀಗೆ ಕಿತ್ತೆ. ಮೂರು ದಿನ ಏನೂ ಆಗಲಿಲ್ಲ, ನಾಲ್ಕನೇ ದಿನ ಸೇವ್ ಲೋಡ್ ಆಗುವುದನ್ನೇ ನಿಲ್ಲಿಸಿತು. 40 ಗಂಟೆಯ ಆಟ ಹೋಯಿತು. ತಪ್ಪು ನನ್ನದೇ, ಮಾಡ್ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಟೆಕ್ಸ್ಚರ್ ಬದಲಿಸುವ ಮಾಡ್‌ಗಳನ್ನು ಮಾತ್ರ ಯಾವಾಗ ಬೇಕಾದರೂ ಹಾಕಿ, ತೆಗೆಯಿರಿ.

ಸಂಖ್ಯೆಯ ಮಿತಿ ಬಗ್ಗೆ ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ: ಸಾಮಾನ್ಯ ಪ್ಲಗಿನ್ 254ರ ತನಕ, ಅದರ ಜೊತೆ ಹಗುರ ಪ್ಲಗಿನ್ 4,096ರ ತನಕ. ಅಷ್ಟು ದೂರ ಹೋಗುವ ಮುಂಚೆಯೇ ನಿಮ್ಮ ತಾಳ್ಮೆ ಮುಗಿದಿರುತ್ತದೆ.

ಇನ್ನೊಂದು ಮರೆತಿದ್ದೆ. ಮಾನಿಟರ್ 144 ಹರ್ಟ್ಸ್‌ನದಾಗಿದ್ದರೆ ಆಟವನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿ, ಇಲ್ಲವಾದರೆ ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಅನ್ನುವ ಮಾಡ್ ಹಾಕಿ. ಈ ಆಟದಲ್ಲಿ ವಸ್ತುಗಳ ಚಲನೆ ಫ್ರೇಮ್ ರೇಟ್‌ಗೆ ಅಂಟಿಕೊಂಡಿದೆ. ಹೊಸ ಮಾನಿಟರ್ ತಂದ ದಿನ ಶುರುವಿನ ಗಾಡಿ ಎಗರಿ, ಪಲ್ಟಿ ಹೊಡೆದು, ಕೈದಿಗಳ ಸಮೇತ ಮರಗಳ ಮೇಲೆ ಹಾರಿತು. ಗಾಡಿ ಗಾಳಿಯಲ್ಲಿ ಇದ್ದಾಗಲೂ ಪಕ್ಕದಲ್ಲಿ ಕೂತವನು ಗಂಭೀರವಾಗಿ ಮಾತಾಡುತ್ತಲೇ ಇದ್ದ.

ಅಂಕ ಕೊಡಲೇಬೇಕು ಅಂದರೆ ಬರೀ ಆಟಕ್ಕೆ 5ರಲ್ಲಿ ಮೂರೂವರೆ, ಮಾಡ್ ಸೇರಿಸಿ ನಾಲ್ಕೂವರೆ. ಕಳೆದ ಅರ್ಧ ಅಂಕ ಆ 40 ಗಂಟೆಗೆ. ಕಾಳಗ ಹಳತಾಗಿದೆ, ಕತ್ತಿ ತಗುಲಿದ ಭಾರ ಕೈಗೆ ಗೊತ್ತಾಗುವುದಿಲ್ಲ. ಕಷ್ಟದ ಮಟ್ಟ ಅಂದರೆ ಬರೀ ಗುಣಾಕಾರ, ಎಲ್ಲಕ್ಕಿಂತ ಕಷ್ಟದ ಲೆಜೆಂಡರಿಯಲ್ಲಿ ನಿಮ್ಮ ಪೆಟ್ಟು ಕಾಲು ಭಾಗ, ಅವರ ಪೆಟ್ಟು ಮೂರರಷ್ಟು, ಶತ್ರುವಿನ ಬುದ್ಧಿ ಇದ್ದಷ್ಟೇ. ಅದಕ್ಕೇ ನಾನು ಮಧ್ಯದ ಮಟ್ಟವಾದ ಅಡೆಪ್ಟ್ ಬಿಟ್ಟು ಕದಲಿಲ್ಲ, ಕಷ್ಟ ಬೇಕಾದರೆ ಚೀಟಿ ಇದೆ.

ಮಾಯಿ ಈಗ ಲೆವೆಲ್ 31, ಮಾಡ್ 46, ಏಳು ತಿಂಗಳಿಂದ ಪಟ್ಟಿಗೆ ಒಂದೂ ಸೇರಿಲ್ಲ. ಮೊದಲ ಡ್ರ್ಯಾಗನ್ ಬಂದಾಗ ಅವಳು ಕಾವಲುಗೋಪುರದ ಮೆಟ್ಟಿಲಲ್ಲಿ ಕೂತು ವೈಟ್‌ರನ್ ಕಾವಲುಗಾರರ ಮೇಲೆ ಒಂದೊಂದಾಗಿ ಧೈರ್ಯ ತುಂಬುವ ಕರೇಜ್ ಮಂತ್ರ ಎಸೆಯುತ್ತಿದ್ದಳು, ಅವರೇ ಹೊಡೆದು ಬೀಳಿಸಿದರು. ಡ್ರ್ಯಾಗನ್‌ನ ಆತ್ಮ ಮಾತ್ರ ಇವಳಿಗೆ ಬಂತು. ಇಲ್ಯೂಷನ್ ಈಗ 86. ಇನ್ನು ನಾಲ್ಕು ಏರಿದರೆ ಆ ಬ್ಲೀಕ್ ಫಾಲ್ಸ್‌ಗೇ ವಾಪಸ್ ಹೋಗುವವಳಿದ್ದಾಳೆ, ಉಳಿದ ಹೆಣಗಳಿಗೆ ಕೋಪ ಬರಿಸುವ ಕೆಲಸ ಬಾಕಿ ಇದೆ.