ಹಿರಿಯರಿಗೆ ಬ್ಲಿಯೋಮೈಸಿನ್ ಕೊಡಿಸುವ ಮುನ್ನ ಇದನ್ನು ಓದಿ

ನಿಮ್ಮ ಮನೆಯ ಹಿರಿಯರಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಒಂದು ಕ್ಯಾನ್ಸರ್) ಇದ್ದು ವೈದ್ಯರು 'ಎಬಿವಿಡಿ' ಎಂಬ ನಾಲ್ಕು ಔಷಧಗಳ ಕೀಮೋ ಬರೆದಿದ್ದರೆ, ಅದರಲ್ಲಿನ 'ಬಿ' ಎಂದರೆ ಬ್ಲಿಯೋಮೈಸಿನ್ ಎಂಬುದನ್ನು ದಯವಿಟ್ಟು ತಿಳಿದಿರಿ. 72 ವರ್ಷದ ನಮ್ಮ ತಂದೆಯವರಿಗೆ ಅದನ್ನು ಕೊಡುವಾಗ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದರೇ ಹೊರತು ಶ್ವಾಸಕೋಶದ ಮಾತನ್ನು ಒಬ್ಬರೂ ಎತ್ತಲಿಲ್ಲ.

ಎರಡು ಸುತ್ತಿನ ನಂತರದ ಪೆಟ್ ಸ್ಕ್ಯಾನ್‌ನಲ್ಲಿ ರೋಗ ಕಾಣಲಿಲ್ಲವೆಂದು ಸಿಹಿ ಹಂಚಿದೆವು. ಆಮೇಲೆ ಒಣಕೆಮ್ಮು ಹಿಡಿಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರಿಗೆ ಹೇಳಿದಾಗ, "ಈ ವಯಸ್ಸಿನಲ್ಲಿ ಕೆಮ್ಮು ಇದ್ದದ್ದೇ ಮೇಡಂ, ಹವಾ ಬೇರೆ ಬದಲಾಗಿದೆ, ಕೀಮೋಗೂ ಇದಕ್ಕೂ ಸಂಬಂಧವಿಲ್ಲ" ಎಂದು ಸಿರಪ್ ಬರೆದುಕೊಟ್ಟರು. ಅದೇ ದಿನ, ಹೌದು, ಅದೇ ದಿನ ಮತ್ತೆ ಬ್ಲಿಯೋಮೈಸಿನ್ ಏರಿಸಿದರು.

ತಂದೆಯವರು ಐಸಿಯು ಸೇರಿ, ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳು ಹಾನಿಗೊಂಡದ್ದು ಕಂಡ ಮೇಲೆ ಅದೇ ವೈದ್ಯರು ಹೇಳಿದ್ದು: "ಈ ಔಷಧಕ್ಕೆ ಇದು ಗೊತ್ತಿರುವ ತೊಂದರೆಯೇ. ಒಪ್ಪಿಗೆ ಪತ್ರದಲ್ಲಿದೆ, ನೀವೇ ಸಹಿ ಹಾಕಿದ್ದೀರಲ್ಲ?" ಬಿಲ್ಲಿಂಗ್ ಕೌಂಟರಿನಲ್ಲಿ ಮುಂಗಡ ಕಟ್ಟಿಸಿಕೊಳ್ಳುತ್ತಾ ಮುಂದೆ ತಳ್ಳಿದ ಇಂಗ್ಲಿಷ್ ಕಾಗದಗಳ ಕಟ್ಟಿನಲ್ಲಿ ಒಂದು ಸಾಲು ಇತ್ತಂತೆ. ಕೆಮ್ಮು ಬಂದಾಗ ಸಂಬಂಧವೇ ಇಲ್ಲದಿದ್ದ ಔಷಧ, ಐಸಿಯು ಬಾಗಿಲಲ್ಲಿ 'ಗೊತ್ತಿರುವ ತೊಂದರೆ' ಆಗಿಬಿಟ್ಟಿತು! ಮೊದಲೇ ಶ್ವಾಸಕೋಶದ ಸಾಮರ್ಥ್ಯವನ್ನೇಕೆ ಪರೀಕ್ಷಿಸಲಿಲ್ಲವೆಂದರೆ, "ಪ್ಯಾಕೇಜಿನಲ್ಲಿ ಅದು ಬರುವುದಿಲ್ಲ" ಎಂಬ ಉತ್ತರ.

ಬ್ಲಿಯೋಮೈಸಿನ್ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಅದನ್ನು ಒಡೆಯುವ ಕಿಣ್ವ ಶ್ವಾಸಕೋಶದಲ್ಲಿ ತೀರಾ ಕಡಿಮೆ, ಹಾಗಾಗಿ ಹೊರಹೋಗದ ಔಷಧ ಅಲ್ಲಿ ಹಾನಿ ಮಾಡುತ್ತದೆ. ಆದ್ದರಿಂದ ವಯಸ್ಸಾದವರಿಗೆ, ಅದರಲ್ಲೂ ಮೂತ್ರಪಿಂಡ ಕುಗ್ಗಿದವರಿಗೆ ಅಪಾಯ ಹೆಚ್ಚು. ತಂದೆಯವರ ಕ್ರಿಯಾಟಿನಿನ್ (ಮೂತ್ರಪಿಂಡ ಕುಗ್ಗಿದರೆ ರಕ್ತದಲ್ಲಿ ಏರುವ ಅಂಶ) ಹೆಚ್ಚಿದ್ದುದು ಅವರದೇ ಕಡತದಲ್ಲಿದೆ. ಮುಂದುವರಿದ ಹಂತದ ರೋಗಿಗಳಲ್ಲಿಯೂ ಎರಡು ಸುತ್ತಿನ ನಂತರ ಪೆಟ್ ಶುದ್ಧವಾಗಿದ್ದರೆ ಬ್ಲಿಯೋಮೈಸಿನ್ ಕೈಬಿಡಬಹುದೆಂದು ತೋರಿಸಿದ ದೊಡ್ಡ ಅಧ್ಯಯನ 2016ರಲ್ಲೇ ಪ್ರಕಟವಾಗಿದೆ. ಇದನ್ನು ಕೇಳಿದ್ದಕ್ಕೆ "ಗೂಗಲ್ ಓದಿಕೊಂಡು ಬರಬೇಡಿ" ಎಂದರು.

ಕೀಮೋ ಬೇಡವೆನ್ನುತ್ತಿಲ್ಲ, ನೀವಾಗಿಯೇ ನಿಲ್ಲಿಸಲೂಬೇಡಿ. ಪ್ರತಿ ಔಷಧದ ಹೆಸರನ್ನೂ ಬರೆಸಿಕೊಳ್ಳಿ, ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆ ಮಾಡಿಸಿ. ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಡೋಸ್‌ಗೆ ಮುಂಚೆಯೇ ಜಗಳವಾಡಿಯಾದರೂ ಉತ್ತರ ಪಡೆಯಿರಿ, ಸಿರಪ್‌ಗೆ ಸುಮ್ಮನಾಗಬೇಡಿ. ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ವೈದ್ಯರಿಗೆ ಬ್ಲಿಯೋಮೈಸಿನ್ ವಿಷಯ ಹೇಳಿ, ಏಕೆಂದರೆ ಹೆಚ್ಚು ಆಮ್ಲಜನಕ ಕೊಟ್ಟರೂ ಅಂಥ ಶ್ವಾಸಕೋಶಕ್ಕೆ ಪೆಟ್ಟು ಬೀಳಬಹುದು. ಕಡತದ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ನಮಗೆ ಅದನ್ನು ಕೊಟ್ಟದ್ದು ವಕೀಲರ ನೋಟಿಸ್ ಹೋದ ಮೇಲೆ.